ಲೈಟ್ ಆರಿಸಿದ್ರೆ ಕ್ಯಾಮೆರಾನೂ ಸಾಯ್ತಿತ್ತು: ಶಿರಸಿ ಮನೆ, ಮೆಶ್ ವೈಫೈ, ನಾಲ್ಕು ಕ್ಯಾಮೆರಾ

ಮಳೆ ಹಿಡಿದ ಮೂರನೇ ದಿನಕ್ಕೆ ನಮ್ಮನೆ ನಾಲ್ಕು ಕ್ಯಾಮೆರಾದಲ್ಲಿ ಮೂರು ಆಫ್‌ಲೈನ್. ಒಂದೊಂದು ಒಂದೊಂದು ಹೊತ್ತಿಗೆ. ಅಂಗಳದ್ದು ಮಳೆ ಜೋರಾದಾಗ ಹೋಗಿ ಹೊಳವಾದಾಗ ಬರ್ತದೆ, ದಣಪೆ (ರಸ್ತೆ ಕಡೆ ಗೇಟು) ಹತ್ರದ್ದು ಕರೆಂಟ್ ಹೋಗಿ ಬಂದ ಮೇಲೆ ಒದ್ದಾಡ್ತದೆ, ಕೊಟ್ಟಿಗೆದ್ದು ಮಾತ್ರ ದಿನಾ ಸಂಜೆ ಏಳೂಕಾಲರ ಸುಮಾರಿಗೆ ಹೋದ್ರೆ ಬೆಳಕು ಹರಿಯೋ ತನಕ ಪತ್ತೆ ಇಲ್ಲ. ಮೊಬೈಲಲ್ಲಿ ಮೂರಕ್ಕೂ ಒಂದೇ ಶಬ್ದ ಬರ್ತದೆ, ಆಫ್‌ಲೈನ್. ಶಬ್ದ ಒಂದೇ ಆದ್ರೆ ಕಾಯಿಲೆನೂ ಒಂದೇ ಇರ್ಬೇಕು ಅಂದ್ಕೊಂಡು ನಾನು ಒಂದು ವಾರ ಪೂರ್ತಿ ಬರೀ ವೈಫೈ ಹಿಂದೆ ಬಿದ್ದೆ. ಕೊನೆಗೆ ನೋಡಿದ್ರೆ ಮೂರೂ ಬೇರೆ ಬೇರೆ, ಅದ್ರಲ್ಲಿ ಒಂದಕ್ಕಂತೂ ವೈಫೈ ಜೊತೆ ಸಂಬಂಧನೇ ಇರ್ಲಿಲ್ಲ. ಆ ಒಂದು ವಾರ ಬೇರೆಯವರಿಗಾದ್ರೂ ಉಳೀಲಿ ಅಂತ ಎಲ್ಲಾ ಬರೆದಿಡ್ತಿದ್ದೇನೆ.

ಕೊಟ್ಟಿಗೆ ಕ್ಯಾಮೆರಾ ನಂಗೆ ಎಲ್ಲಕ್ಕಿಂತ ಮುಖ್ಯ ಆಗಿತ್ತು. ಗೌರಿ, ನಮ್ಮ ಜರ್ಸಿ ಕ್ರಾಸ್ ಕಡಸು, ಮೊದಲನೇ ಗಬ್ಬ, ದಿನ ತುಂಬಿತ್ತು. ನಮ್ಮೂರ ತಳಿ ಮಲೆನಾಡು ಗಿಡ್ಡ ಆದ್ರೆ ಹೆಚ್ಚಾಗಿ ತನ್ನಷ್ಟಕ್ಕೆ ಕರು ಹಾಕಿ ನೆಕ್ತಾ ನಿಂತಿರ್ತದೆ, ಜರ್ಸಿ ಕ್ರಾಸಿಗೆ, ಅದ್ರಲ್ಲೂ ಮೊದಲ ಕರುವಿಗೆ, ಯಾರಾದ್ರೂ ಹತ್ರ ಇದ್ರೆ ಒಳ್ಳೇದು. ಅಮ್ಮಂಗೆ ಅರವತ್ತೆಂಟು, ಮಂಡಿ ನೋವು ಬೇರೆ. ಸುರಿಯೋ ಮಳೇಲಿ ರಾತ್ರಿ ಎರಡು ಮೂರು ಸಲ ಎದ್ದು ಕೊಡೆ ಒಂದು ಕೈಲಿ ಟಾರ್ಚ್ ಒಂದು ಕೈಲಿ ಹಿಡ್ಕೊಂಡು, ಪಾಚಿ ಕಟ್ಟಿದ ಕಲ್ಲು ಹಾಸಿನ ಮೇಲೆ ಕೊಟ್ಟಿಗೆಗೆ ಹೋಗಿಬರೋದು ನೋಡಿ ನಂಗೆ ತಡೀಲಿಲ್ಲ, ಅದಕ್ಕೇ ಜೂನ್ ಶುರುವಲ್ಲಿ ಅಲ್ಲೊಂದು ಕ್ಯಾಮೆರಾ ಹಾಕಿದ್ದು. ಅದು ರಾತ್ರಿನೇ ಕೆಲಸ ಮಾಡ್ದೇ ಇದ್ರೆ ಹಾಕಿ ಎಂತ ಉಪಯೋಗ ಹೇಳಿ.

ಮೊದಲು ಮನೆ ಹೆಂಗಿದೆ ಅಂತ ಹೇಳ್ಬೇಕು, ಇಲ್ಲಾಂದ್ರೆ ಮುಂದಿನದ್ದು ಅರ್ಥ ಆಗೋದಿಲ್ಲ. ಶಿರಸಿ ಪೇಟೆಯಿಂದ ಹದಿನೈದು ಕಿಲೋಮೀಟರ್ ಒಳಗೆ, ತೋಟದ ಮೇಲ್ಗಡೆ ಒಂಟಿ ಮನೆ. ಹಳೇ ಭಾಗದ ಗೋಡೆ ಚಿರೇಕಲ್ಲಿಂದು, ಒಂದೂವರೆ ಅಡಿ ದಪ್ಪ. ಹಾಲಲ್ಲಿ ಫೈಬರ್ ಬಾಕ್ಸ್, ಅದರ ಪಕ್ಕ ಮೆಶ್‌ನ ಮೇನ್ ನೋಡ್. ಮೆಶ್ ಅಂದ್ರೆ ಮನೆಯ ಬೇರೆ ಬೇರೆ ಕಡೆ ಇಟ್ಟ ಪೆಟ್ಟಿಗೆಗಳು ಸೇರಿ ಒಂದೇ ವೈಫೈ ಹರಡೋದು, ಒಂದೊಂದು ಪೆಟ್ಟಿಗೆಗೆ ನೋಡ್ ಅಂತಾರೆ. ಎರಡನೇ ನೋಡ್ ಮೆತ್ತಿ (ಮಹಡಿ) ಮೇಲೆ ಕಿಟಕಿ ಹತ್ರ. ಮೂರನೇದು ಹಿತ್ಲ ಕಡೆ ಬಚ್ಚಲ ಪಕ್ಕದ ಕೋಣೇಲಿ, ಅದರ ಕಿಟಕಿಯಿಂದ ನೇರ ಕೊಟ್ಟಿಗೆ ಕಾಣ್ತದೆ. ಕ್ಯಾಮೆರಾ ನಾಲ್ಕು: ಅಂಗಳದ ಚಪ್ಪರದ ಕಂಬಕ್ಕೆ ಒಂದು, ಅಡಿಕೆ ಇಡೋ ಉಗ್ರಾಣದ ಬಾಗಿಲಿಗೆ ಒಂದು, ಕೊಟ್ಟಿಗೆಗೆ ಒಂದು, ರಸ್ತೆ ಕಡೆ ದಣಪೆ ಹತ್ರ ಮರಕ್ಕೆ ಒಂದು. ನಾಲ್ಕೂ 2.4 ಗಿಗಾಹರ್ಟ್ಜ್ ವೈಫೈ ಮಾತ್ರ ಹಿಡಿಯೋ ಸಾಮಾನ್ಯ 2 ಮೆಗಾಪಿಕ್ಸೆಲ್ ಕ್ಯಾಮೆರಾಗಳು, ಎಲ್ಲದಕ್ಕೂ ಒಳಗೆ ಎಸ್‌ಡಿ ಕಾರ್ಡ್ ಇದೆ. ಉಗ್ರಾಣದ್ದು ಆಗ ಒಂದೇ ಒಂದು ದಿನವೂ ತೊಂದ್ರೆ ಕೊಡ್ಲಿಲ್ಲ, ಚಾಲಿ ಅಡಿಕೆ ಎಲ್ಲಾ ರೇಟಿಗೆ ಕಾಯ್ತಾ ಅಲ್ಲೇ ಇತ್ತು, ಅಪ್ಪಂಗೆ ಅಷ್ಟು ಸಮಾಧಾನ.

ಮೊದಲ ವಾರ ಮಾಡಿದ್ದೆಲ್ಲಾ ದಂಡ. ಕ್ಯಾಮೆರಾ ರೀಸೆಟ್ ಮಾಡಿದೆ, ನೋಡ್ ಎಲ್ಲಾ ಆಫ್ ಮಾಡಿ ಆನ್ ಮಾಡಿದೆ, ಚಾನೆಲ್ ಬದಲಿಸಿದೆ. ಅಂಗಡಿಯವರಿಗೆ ಫೋನ್ ಮಾಡಿದ್ರೆ ಇನ್ನೊಂದು ನೋಡ್ ಹಾಕಿಸಿ ಸರಿ ಆಗ್ತದೆ ಅಂದ್ರು, ಮನೆ ನೋಡದೇ. ಇಂಟರ್ನೆಟ್ಟಲ್ಲಿ ಹುಡುಕಿದ್ರೆ ಸಿಗೋ ಸಲಹೆ ಎಲ್ಲಾ ಅಕ್ಕಪಕ್ಕದವರ ವೈಫೈ ಗಲಾಟೆ ಬಗ್ಗೆ, ಚಾನೆಲ್ 1, 6, 11ರಲ್ಲಿ ಖಾಲಿ ಇರೋದು ಹುಡುಕಿ ಅಂತ. ಬೆಂಗಳೂರು ಅಪಾರ್ಟ್‌ಮೆಂಟಿಗೆ ಅದು ಸರಿ. ನಮ್ಮ ಹತ್ರದ ಮನೆಗೆ ತೋಟ ದಾಟಿ ಹತ್ತು ನಿಮಿಷ ನಡೀಬೇಕು, ವೈಫೈ ಅನಲೈಸರ್ ಆ್ಯಪ್ ಹಾಕಿ ನೋಡಿದ್ರೆ ಕಾಣೋ ಹೆಸರೆಲ್ಲಾ ನಮ್ದೇ. ಇಲ್ಲಿ ಜಗಳ ಇರೋದು ಗೋಡೆ, ತಗಡು, ನೀರು, ಕರೆಂಟು ಇವುಗಳ ಜೊತೆ.

ದಾರಿ ತೋರಿಸಿದ್ದು ಎಸ್‌ಡಿ ಕಾರ್ಡ್. ಇದೊಂದು ಮಾತನ್ನ ದಯವಿಟ್ಟು ನೆನಪಿಟ್ಕೊಳ್ಳಿ. ಕ್ಯಾಮೆರಾ ಆಫ್‌ಲೈನ್ ಅಂದ್ರೆ ಅರ್ಥ ಎರಡು, ಒಂದು ವೈಫೈ ತಪ್ಪಿ ಹೋಗಿದೆ, ಇಲ್ಲಾ ಕ್ಯಾಮೆರಾನೇ ಆರಿ ಹೋಗಿದೆ. ಮೊಬೈಲಲ್ಲಿ ಇವೆರಡೂ ಒಂದೇ ಥರ ಕಾಣ್ತವೆ. ಆದ್ರೆ ಕಂಟಿನ್ಯೂಯಸ್ ರೆಕಾರ್ಡಿಂಗ್ ಇಟ್ಟಿದ್ರೆ ವೈಫೈ ಹೋದ್ರೂ ಕಾರ್ಡಲ್ಲಿ ರೆಕಾರ್ಡ್ ಆಗ್ತಾನೇ ಇರ್ತದೆ, ಕ್ಯಾಮೆರಾನೇ ಆರಿದ್ರೆ ರೆಕಾರ್ಡಿಂಗಲ್ಲಿ ತೂತು ಬೀಳ್ತದೆ. ಅಷ್ಟೇ ನೋಡ್ಬೇಕಿತ್ತು. ಒಂದು ಬೆಳಿಗ್ಗೆ ಮೂರೂ ಕಾರ್ಡ್ ತೆಗೆದು ಲ್ಯಾಪ್‌ಟಾಪಿಗೆ ಹಾಕಿದೆ. ಅಂಗಳದ್ದು ಪೂರ್ತಿ ರಾತ್ರಿ ಇದೆ, ಒಂದು ನಿಮಿಷವೂ ತಪ್ಪಿಲ್ಲ. ದಣಪೆದ್ದೂ ಹಂಗೇ. ಕೊಟ್ಟಿಗೆದ್ದು ತೆಗೆದ್ರೆ, ಏಳೂಕಾಲರ ತನಕ ಸರಿ ಇದೆ, ಆಮೇಲೆ ಬೆಳಿಗ್ಗೆ ತನಕ ಬರೀ ಹತ್ತು ಹದಿನೈದು ಸೆಕೆಂಡಿನ ತುಂಡುಗಳು, ನೂರಾರು, ಅರ್ಧಕ್ಕರ್ಧ ಓಪನ್ನೇ ಆಗೋದಿಲ್ಲ. ಅಂದ್ರೆ ರಾತ್ರಿ ಪೂರ್ತಿ ಅದು ಏಳೋದು ಬೀಳೋದು ಏಳೋದು ಬೀಳೋದು ಮಾಡ್ತಾ ಇತ್ತು. ವೈಫೈ ಅಲ್ಲ, ಪವರ್.

ಅವತ್ತು ತಿಂಡಿ ಹೊತ್ತಲ್ಲಿ ಇದನ್ನ ಹೇಳಿದ್ರೆ ಅಮ್ಮ ದೋಸೆ ಹಾಕ್ತಾ ಹೇಳಿದ್ರು, ನಾನು ಹಾಲು ಕರೆದು ಲೈಟ್ ಆರಿಸಿ ಬರ್ತೇನಲ್ಲ, ಅದಾದ ಕೂಡಲೇ ಹೋಗ್ತದೆ ನೋಡು, ಮೊನ್ನೆ ನಿಮ್ಮಪ್ಪ ಲೈಟ್ ಆರಿಸೋದು ಮರೆತಿದ್ರು, ಅವತ್ತು ರಾತ್ರಿ ಸರಿ ಇತ್ತು ಅಂತ. ಎರಡು ಲಕ್ಷಣವನ್ನೂ ಅಮ್ಮ ಮೊದಲೇ ಗಮನಿಸಿದ್ರು, ನಾನು ಕೇಳಿರ್ಲಿಲ್ಲ. ಮನೇಲಿ ದಿನಾ ಆ ಜಾಗಕ್ಕೆ ಹೋಗಿಬರೋರನ್ನ ಮೊದಲು ಕೇಳಿ, ಮೀಟರ್ ಆಮೇಲೆ ಹಿಡೀರಿ.

ಕೊಟ್ಟಿಗೆ ಸ್ವಿಚ್ಚಿಗೂ ಕ್ಯಾಮೆರಾ ಲೈನಿಗೂ ಸಂಬಂಧ ಇಲ್ಲ, ಅದು ಬೇರೆ ಪ್ಲಗ್. ಆದ್ರೂ ಲೈಟ್ ಆರಿದ್ರೆ ಕ್ಯಾಮೆರಾ ಸಾಯ್ತದೆ ಅಂದ್ರೆ ಉಳಿಯೋದು ಒಂದೇ, ಕತ್ತಲಾದಾಗ ಕ್ಯಾಮೆರಾ ಒಳಗೆ ಎಂತದೋ ಶುರುವಾಗ್ತದೆ. ಅದು ಐಆರ್ ಎಲ್‌ಇಡಿ, ರಾತ್ರಿ ನೋಡೋಕೆ ಇರೋ ದೀಪಗಳು. ಅವತ್ತು ಸಂಜೆ ಲೈಟ್ ಆರಿಸಿ ಕತ್ತಲಲ್ಲಿ ನಿಂತೆ. ಹೊರಗೆ ಮಳೆ, ಒಳಗೆ ಗೌರಿ ಮೆಲುಕು ಹಾಕೋ ಸದ್ದು. ಕ್ಯಾಮೆರಾ ಒಳಗೆ ಟಿಕ್ ಅಂತು, ಲೆನ್ಸ್ ಹಿಂದಿನ ಫಿಲ್ಟರ್ ಸರಿಯೋ ಶಬ್ದ ಅದು, ಕೂಡಲೇ ಲೆನ್ಸ್ ಸುತ್ತ ಸಣ್ಣಗೆ ಕೆಂಪು ಬೆಳಕು ಹತ್ತಿತು, ಎರಡು ಸೆಕೆಂಡಲ್ಲಿ ಎಲ್ಲಾ ಆರಿ ಹೋಯ್ತು. ಅರ್ಧ ನಿಮಿಷ ಬಿಟ್ಟು ಮತ್ತೆ ಟಿಕ್, ಕೆಂಪು, ಕತ್ತಲೆ. ಹತ್ತು ಸಲ ಹಂಗೇ ನೋಡಿದೆ. ಅಷ್ಟು ದಿನದಲ್ಲಿ ಮೊದಲ ಸಲ ಕಾಯಿಲೆ ಕಣ್ಣಿಗೆ ಕಂಡಿತ್ತು.

ಕಾರಣ ಕೇಬಲ್. ಕೊಟ್ಟಿಗೇಲಿ ನೆಲ ಯಾವಾಗ್ಲೂ ಒದ್ದೆ ಅಂತ ನಾನು ಅಡಾಪ್ಟರನ್ನ ಆಚೆ ಹಿಂಡಿ ಇಡೋ ಕೋಣೆ ಪ್ಲಗ್ಗಿಗೆ ಹಾಕಿ, ಅಲ್ಲಿಂದ ಐದೈದು ಮೀಟರಿನ ಎರಡು ಯುಎಸ್‌ಬಿ ಎಕ್ಸ್‌ಟೆನ್ಶನ್ ಜೋಡಿಸಿ ಕ್ಯಾಮೆರಾಗೆ ಕೊಟ್ಟಿದ್ದೆ. ಆ ಅಗ್ಗದ ಎಕ್ಸ್‌ಟೆನ್ಶನ್ ಒಳಗಿನ ತಂತಿ ಕೂದಲೆಳೆ ಥರ, 28 ಗೇಜ್. ಒಂದು ಮೀಟರಿಗೆ ಸುಮಾರು 0.21 ಓಮ್ ರೆಸಿಸ್ಟೆನ್ಸ್. ಹತ್ತು ಮೀಟರ್ ಹೋಗಿ ಹತ್ತು ಮೀಟರ್ ವಾಪಸ್ ಬರ್ಬೇಕಲ್ಲ, ಇಪ್ಪತ್ತು ಮೀಟರ್, ಒಟ್ಟು 4.2 ಓಮ್. ಹಗಲಲ್ಲಿ ಕ್ಯಾಮೆರಾ 0.15 ಆಂಪಿಯರ್ ಎಳೆದ್ರೆ ಆರುನೂರು ಮಿಲಿವೋಲ್ಟ್ ದಾರೀಲೇ ಹೋಗ್ತದೆ, 5 ವೋಲ್ಟಲ್ಲಿ 4.4 ತಲುಪ್ತದೆ, ಹೆಂಗೋ ನಡೀತದೆ. ಐಆರ್ ಹತ್ತಿದಾಗ 0.4 ಆಂಪಿಯರ್ ಹತ್ರ ಬೇಕು, ಆಗ ದಾರೀಲಿ ಹೋಗೋದೇ 1.7 ವೋಲ್ಟ್. ಉಳಿಯೋ 3.3ರಲ್ಲಿ ಅದು ಬದುಕೋದಿಲ್ಲ.

ಲೆಕ್ಕ ಸರಿನಾ ಅಂತ ಮರುದಿನ ಹಗಲಲ್ಲೇ ನೋಡಿದೆ. ಕ್ಯಾಮೆರಾ ಕಡೆ ತುದೀಲಿ ಕೇಬಲ್ ಸಿಪ್ಪೆ ಹೆರೆದು ಕೆಂಪು ಕಪ್ಪು ತಂತಿಗೆ ಮಲ್ಟಿಮೀಟರ್ ಕಡ್ಡಿ ಹಚ್ಚಿ ಇಟ್ಟೆ, 4.42 ತೋರಿಸ್ತು. ಅಪ್ಪ ಕಂಬಳಿ ತಂದು ಕ್ಯಾಮೆರಾ ಮೇಲೆ ಮುಚ್ಚಿದ್ರು. ಟಿಕ್ ಅಂತು, ಮೀಟರ್ 3.5ಕ್ಕೆ ಇಳೀತು, ಮರುಕ್ಷಣ ನೇರ 4.9ಕ್ಕೆ ಹಾರಿತು. ಆ ಹಾರಿದ್ದೇ ಸಾಕ್ಷಿ. ಕ್ಯಾಮೆರಾ ಸತ್ತು ಕರೆಂಟ್ ಎಳೆಯೋದು ನಿಲ್ಲಿಸ್ತು, ಎಳೆಯೋರಿಲ್ಲದ ಕೂಡಲೇ ವೋಲ್ಟೇಜ್ ಮೇಲೆ ಬಂತು. ಎರಡು ಎಕ್ಸ್‌ಟೆನ್ಶನ್ ಜೋಡಿಸಿದ ಜಾಗ ಬಿಚ್ಚಿ ನೋಡಿದ್ರೆ ಪಿನ್ ಮೇಲೆ ಆಗ್ಲೇ ಹಸಿರು ಕಿಲುಬು. ಕೊಟ್ಟಿಗೇಲಿ ಗಂಜಲದಿಂದ ಬರೋ ಅಮೋನಿಯಾ ತಾಮ್ರ ಹಿತ್ತಾಳೆಯನ್ನ ತಿನ್ನುತ್ತದೆ, ಜೊತೆಗೆ ಈ ಥಂಡಿ. ಎರಡು ವಾರಕ್ಕೇ ಈ ಗತಿ ಅಂದ್ರೆ ಮಳೆಗಾಲ ಮುಗಿಯೋದ್ರೊಳಗೆ ಪಿನ್ನೇ ಉಳೀತಿರ್ಲಿಲ್ಲ.

ಅವತ್ತು ರಾತ್ರಿಗೆ ತಾತ್ಕಾಲಿಕವಾಗಿ ಆ್ಯಪಲ್ಲಿ ನೈಟ್ ವಿಷನ್ ಆಫ್ ಮಾಡಿ ಕೊಟ್ಟಿಗೇಲಿ ಒಂದು ಸಣ್ಣ ನೈಟ್ ಬಲ್ಬ್ ಉರಿಸಿಟ್ವಿ. ಬೆಳಿಗ್ಗೆ ತನಕ ಕ್ಯಾಮೆರಾ ಒಂದು ಸಲವೂ ಹೋಗ್ಲಿಲ್ಲ. ನಿಮ್ಮಲ್ಲೂ ಸಂಜೆಗೇ ಹೋಗೋ ಕ್ಯಾಮೆರಾ ಇದ್ರೆ ಒಂದು ರೂಪಾಯಿ ಖರ್ಚಿಲ್ಲದೆ ಮಾಡಬಹುದಾದ ಪರೀಕ್ಷೆ ಇದು.

ಪರ್ಮನೆಂಟ್ ಕೆಲಸಕ್ಕೆ ಎರಡು ದಾರಿ ಇತ್ತು. 230 ವೋಲ್ಟ್ ಲೈನನ್ನೇ ಕ್ಯಾಮೆರಾ ತನಕ ಎಳೆದು ಅಡಾಪ್ಟರ್ ಅಲ್ಲೇ ಹಾಕೋದು ಸುಲಭ, ನಾನು ಮಾಡ್ಲಿಲ್ಲ. ಒದ್ದೆ ನೆಲದ ಮೇಲೆ ನಾಲ್ಕು ಕಾಲೂರಿ ನಿಂತಿರೋ ದನಕ್ಕೆ ನಮಗಿಂತ ಬೇಗ ಶಾಕ್ ತಾಗ್ತದೆ, ನಮಗೆ ಬರೀ ಜುಮ್ ಅನ್ನೋ ಲೀಕೇಜ್ ಅದಕ್ಕೆ ಅಪಾಯ ಆಗಬಹುದು. ಹಾಗಾಗಿ ಹಿಂಡಿ ಕೋಣೇಲೇ 12 ವೋಲ್ಟ್ 2 ಆಂಪಿಯರ್ ಅಡಾಪ್ಟರ್ ಇಟ್ಟು, ಅಲ್ಲಿಂದ 1 ಸ್ಕ್ವೇರ್ ಎಂಎಂ ತಾಮ್ರದ ವೈರ್ ಪೈಪೊಳಗೆ ಎಳೆದು, ಕ್ಯಾಮೆರಾ ಹತ್ರ ಸಣ್ಣ ಬಕ್ ಕನ್ವರ್ಟರ್ ಹಾಕಿ 12ನ್ನ 5 ಮಾಡಿದೆ. 12 ವೋಲ್ಟಲ್ಲಿ ಕಳಿಸಿದ್ರೆ ಅದೇ ಪವರಿಗೆ ಕರೆಂಟ್ ಅರ್ಧಕ್ಕಿಂತ ಕಮ್ಮಿ ಸಾಕು, ವೈರೂ ದಪ್ಪ, ದಾರೀಲಿ ಹೋಗೋದು ಒಂದು ಹತ್ತನೇ ಭಾಗ ವೋಲ್ಟ್ ಅಷ್ಟೇ. ಕನ್ವರ್ಟರನ್ನ ಕ್ಯಾಮೆರಾಗೆ ಹಾಕೋ ಮುಂಚೆ ಮೀಟರ್ ಇಟ್ಟು ಅದರ ಸ್ಕ್ರೂ ತಿರುಗಿಸಿ 5.1 ಸೆಟ್ ಮಾಡ್ಕೊಳ್ಳಿ, ಪೆಟ್ಟಿಗೆಯಿಂದ ಬರುವಾಗ ಅದು ಎಷ್ಟಕ್ಕೆ ಬೇಕಾದ್ರೂ ಇರಬಹುದು, ಸೀದಾ ಹಾಕಿದ್ರೆ ಕ್ಯಾಮೆರಾ ಹೋದ ಹಾಗೇ. ಜಾಯಿಂಟ್ ಎಲ್ಲಾ ಬೆಸುಗೆ ಹಾಕಿ ಹೀಟ್ ಶ್ರಿಂಕ್ ಏರಿಸಿ, ಪಿವಿಸಿ ಬಾಕ್ಸಿನ ಮೇಲಿನ ಸಂದಿ ಸಿಲಿಕೋನ್ ಹಚ್ಚಿ ಮುಚ್ಚಿ, ಅಡಿಗೆ ಮಾತ್ರ ಒಂದು ಸಣ್ಣ ತೂತು ಬಿಟ್ಟೆ, ಒಳಗೆ ಬೆವರಿದ ನೀರು ಇಳಿದು ಹೋಗ್ಲಿ ಅಂತ. ವೈರ್ ಬಾಕ್ಸಿಗೆ ಹೋಗೋ ಮುಂಚೆ ಒಂದು ಬಳುಕು ಕೆಳಗೆ ಇಳಿಸಿ ಮೇಲೆ ಹೋಗ್ಬೇಕು, ಇಲ್ಲಾಂದ್ರೆ ಹನಿ ವೈರ್ ಹಿಡ್ಕೊಂಡೇ ಒಳಗೆ ಹೋಗ್ತದೆ. ಈಗ ಐಆರ್ ಹತ್ತಿದಾಗ ಕ್ಯಾಮೆರಾ ಹತ್ರ 5.05 ಇದೆ.

ಇದಾದ ನಾಲ್ಕನೇ ರಾತ್ರಿ, ಎರಡೂ ಮುಕ್ಕಾಲಿಗೆ, ಗೌರಿ ಮಲಗೋದು ಏಳೋದು ಮಾಡೋದು ಮೊಬೈಲಲ್ಲಿ ಕಾಣ್ತು. ನಾನು ಅಮ್ಮನ್ನ ಎಬ್ಬಿಸಿದೆ, ಮೂರೂ ಜನ ಹೋದ್ವಿ. ಮುಂಗಾಲು ಎರಡೂ ಮೂತಿನೂ ಸರಿಯಾಗಿ ಬಂದಿತ್ತು, ಅಮ್ಮ ಸ್ವಲ್ಪ ಹಿಡಿದು ಎಳೆದ್ರು, ಅಪ್ಪ ಕರುವಿನ ಮೂಗು ಬಾಯಿ ಲೋಳೆ ಒರೆಸಿ ಒಣಹುಲ್ಲಲ್ಲಿ ಮೈ ತಿಕ್ಕಿದ್ರು. ಹೆಣ್ಣು ಕರು. ಅಲ್ಲಿ ತನಕದ ರಾತ್ರಿಗಳಲ್ಲಿ ಅಮ್ಮ ಒಮ್ಮೆಯೂ ಏಳ್ಬೇಕಾಗ್ಲಿಲ್ಲ, ನಂಗೆ ಈ ಇಡೀ ಕೆಲಸದಲ್ಲಿ ಅದಕ್ಕಿಂತ ದೊಡ್ಡ ಖುಷಿ ಇಲ್ಲ.

ಇನ್ನು ಅಂಗಳದ್ದು. ಇದು ನಿಜವಾಗ್ಲೂ ವೈಫೈ. ಮೆಶ್‌ನ ಅಡ್ಮಿನ್ ಪೇಜಲ್ಲಿ ಪ್ರತಿ ಡಿವೈಸ್ ಯಾವ ನೋಡಿಗೆ ಅಂಟಿದೆ, ಎಷ್ಟು ಡಿಬಿಎಂ ಸಿಗ್ನಲ್ ಅಂತ ತೋರಿಸ್ತದೆ. ಡಿಬಿಎಂ ಅಂದ್ರೆ ಸಿಗ್ನಲ್ ಬಲದ ಅಳತೆ, ಮೈನಸ್ ಮುಂದಿನ ಅಂಕಿ ದೊಡ್ಡದಾದಷ್ಟೂ ಸಿಗ್ನಲ್ ವೀಕ್. ಕ್ಯಾಮೆರಾ ಆ್ಯಪಲ್ಲಿ ಬರೋ ಕಡ್ಡಿ ಗುರುತು ಪರ್ಸೆಂಟೇಜು ನಂಬ್ಬೇಡಿ, ಡಿಬಿಎಂ ನೋಡಿ. ಮೈನಸ್ 50 ಅಂದ್ರೆ ಭರ್ಜರಿ, ಮೈನಸ್ 67ರ ತನಕ ವಿಡಿಯೋಗೆ ಚಿಂತೆ ಇಲ್ಲ, 75 ದಾಟಿದ್ರೆ ತಡವರಿಸ್ತದೆ, 80ರ ಆಚೆ ಇದ್ರೆ ಇವತ್ತಲ್ಲ ನಾಳೆ ಹೋಗ್ತದೆ. ಮೇ ತಿಂಗಳಲ್ಲಿ ಹಾಕಿದ ದಿನ ನಾನು ಬರೆದಿಟ್ಟಿದ್ದು ಮೈನಸ್ 63. ಈಗ ನೋಡಿದ್ರೆ ಮೈನಸ್ 82, ಮಳೆ ಹೊಯ್ಯುವಾಗ 86. ನೋಡ್ ಅಲ್ಲೇ ಇದೆ, ಕ್ಯಾಮೆರಾ ಅಲ್ಲೇ ಇದೆ, ನಡುವೆ ಎಂತ ಬದಲಾಯ್ತು?

ಜಗಲಿ ಬದಲಾಗಿತ್ತು. ನಮ್ಮ ಕಡೆ ಮಳೆಗಾಲದ ಮುಂಚೆ ಗಾಳಿಮಳೆ ಹೊಡೆಯೋ ದಿಕ್ಕಿಗೆ ಮರೆ ಕಟ್ಟೋದು ಎಲ್ಲರಿಗೂ ಗೊತ್ತಿದ್ದದ್ದೇ. ಮುಂಚೆ ಅಡಿಕೆ ಸೋಗೆ ತಟ್ಟಿ ಕಟ್ತಿದ್ರು, ಈಗ ಸೋಗೆ ಕಟ್ಟೋರು ಸಿಗೋದಿಲ್ಲ, ಬಾಳಿಕೆನೂ ಬರ್ತದೆ ಅಂತ ಜಿಂಕ್ ಶೀಟ್. ಜೂನ್ ಒಂದಕ್ಕೆ ಅಪ್ಪ ಜಗಲಿಯ ಪಡುವಣ ಬದಿ ಪೂರ್ತಿ ಆರು ಶೀಟ್ ನಿಲ್ಲಿಸಿದ್ರು. ಹಾಲಿನ ನೋಡಿಂದ ಹೊರಟ ಸಿಗ್ನಲ್ ಕಿಟಕಿ ದಾಟಿ ಜಗಲಿ ದಾಟಿ ಅಂಗಳಕ್ಕೆ ಬರ್ತಿದ್ದ ದಾರಿ ಅದೇ. ವೈಫೈಗೆ ತಗಡು ಅಂದ್ರೆ ಕನ್ನಡಿ ಇದ್ದ ಹಾಗೆ, ವಾಪಸ್ ಹೊಡೀತದೆ. ಆಮೇಲೆ ಕ್ಯಾಮೆರಾಗೆ ಸಿಗ್ತಿದ್ದದ್ದು ಗೋಡೆಯೊಳಗಿಂದ, ಶೀಟಿನ ಸಂದಿಯಿಂದ ಸೋರಿ ಬಂದದ್ದು ಮಾತ್ರ. ಮಳೆ ಬಂದ್ರೆ ಅದೂ ಕಮ್ಮಿ, ಯಾಕಂದ್ರೆ ಚಿರೇಕಲ್ಲು ತೂತು ತೂತಿನ ಕಲ್ಲು, ಸ್ಪಂಜಿನ ಹಾಗೆ ನೀರು ಕುಡೀತದೆ, ನೀರು 2.4 ಸಿಗ್ನಲ್ಲನ್ನ ಹೀರ್ತದೆ, ಒದ್ದೆ ಎಲೆನೂ ಹಂಗೇ. ಬೀಳೋ ಹನಿಯಿಂದ ಇಷ್ಟು ಹತ್ರದಲ್ಲಿ ಏನೂ ಆಗೋದಿಲ್ಲ, ನೆನೆದ ವಸ್ತುವಿಂದ ಆಗ್ತದೆ. ಅಂಚಿನಲ್ಲಿ ನಿಂತವನಿಗೆ ಮೂರು ನಾಲ್ಕು ಡಿಬಿ ಸಾಕು ಬೀಳೋಕೆ.

ಪರೀಕ್ಷೆಗೆ ಮೊದಲು ಲ್ಯಾಪ್‌ಟಾಪಿಂದ ಕ್ಯಾಮೆರಾ ಐಪಿಗೆ (ನೆಟ್ವರ್ಕಲ್ಲಿ ಅದರ ವಿಳಾಸ) ಇನ್ನೂರು ಪಿಂಗ್, ಅಂದ್ರೆ ಇದ್ದೀಯಾ ಅಂತ ಕೇಳೋ ಸಣ್ಣ ಸಂದೇಶ, ಕಳಿಸಿದೆ, ಐವತ್ತೆಂಟು ವಾಪಸ್ ಬರ್ಲಿಲ್ಲ. ಆಮೇಲೆ ಅಪ್ಪ ಕಿಟಕಿ ನೇರಕ್ಕಿದ್ದ ಒಂದೇ ಒಂದು ಶೀಟಿನ ಸ್ಕ್ರೂ ಬಿಚ್ಚಿ ಪಕ್ಕಕ್ಕೆ ಸರಿಸಿದ್ರು, ನಾನು ಒಳಗೆ ಪೇಜ್ ರಿಫ್ರೆಶ್ ಮಾಡ್ತಾ ಕೂತೆ. 82 ಇದ್ದದ್ದು 67. ಹದಿನೈದು ಡಿಬಿ ಅಂದ್ರೆ ಮೂವತ್ತು ಪಟ್ಟು ಹೆಚ್ಚು ಶಕ್ತಿ. ಒಂದು ಶೀಟಿಗೆ! ಹಾಗಂತ ಅಲ್ಲಿ ಖಾಲಿ ಬಿಡೋಕೆ ಆಗೋದಿಲ್ಲ, ಎರಡು ದಿನಕ್ಕೆ ಜಗಲಿ ಪೂರ್ತಿ ನೀರು. ಶಿರಸಿಗೆ ಹೋದಾಗ ಅದೇ ಅಳತೆದು ಬೆಳಕು ಬರೋಕೆ ಹಾಕ್ತಾರಲ್ಲ ಆ ಫೈಬರ್ ಶೀಟ್ ಒಂದು ತಂದು ಆ ಜಾಗಕ್ಕೆ ಹೊಡೆದ್ವಿ. ಮಳೆ ತಡೀತದೆ, ವೈಫೈ ತಡೆಯೋದಿಲ್ಲ. ಈಗ ಮೈನಸ್ 68, ಜಡಿಮಳೇಲಿ 71, ಇನ್ನೂರು ಪಿಂಗಲ್ಲಿ ಒಂದು ತಪ್ಪಿತು. ಜಗಲಿಗೆ ಬೆಳಕೂ ಬಂತು, ಅಮ್ಮ ಈಗ ಅಲ್ಲೇ ಕೂತು ಹೂ ಕಟ್ತಾರೆ. ಅಂಗಡಿಯವರ ಮಾತು ಕೇಳಿ ಇನ್ನೊಂದು ನೋಡ್ ತಂದಿದ್ರೆ ಅದನ್ನೂ ಇದೇ ತಗಡಿನ ಹಿಂದೆ ಇಡ್ತಿದ್ದೆ.

ಜೊತೆಗೆ ಆ ಕ್ಯಾಮೆರಾದ ಬಿಟ್‌ರೇಟನ್ನ 2 ಎಂಬಿಪಿಎಸ್‌ನಿಂದ 1ಕ್ಕೆ ಇಳಿಸಿ, ಫ್ರೇಮ್ 15 ಮಾಡಿದೆ. ಅಂಗಳಕ್ಕೆ ಯಾರು ಬಂದ್ರು ಅಂತ ಕಾಣೋಕೆ ಅಷ್ಟು ಸಾಕು. ಸಿಗ್ನಲ್ ವೀಕ್ ಇರೋ ಒಂದು ಕ್ಯಾಮೆರಾ ನಿಧಾನಕ್ಕೆ ಮಾತಾಡ್ತಾ ಗಾಳಿಯಲ್ಲಿ ಎಲ್ಲರ ಸರದಿನೂ ತಿಂತದೆ, ಹಾಗಾಗಿ ಅದನ್ನ ಸರಿ ಮಾಡಿದ್ರೆ ಉಳಿದವಕ್ಕೂ ಅನುಕೂಲ. 2.4ರ ಚಾನೆಲ್ ಅಗಲ ಆಟೋ ಇದ್ದದ್ದನ್ನ 20 ಮೆಗಾಹರ್ಟ್ಜಿಗೆ ಕಟ್ಟಿ ಹಾಕಿದೆ.

ದಣಪೆದ್ದು ನಂಗೆ ಕೊನೆಗೆ ಅರ್ಥ ಆದದ್ದು. ಮನೆಯಿಂದ ಐವತ್ತು ಅರವತ್ತು ಮೀಟರ್. ಸರಿ ಇದ್ದಾಗ ಅದು ಮೆತ್ತಿ ನೋಡಿಗೆ ಅಂಟಿರ್ತದೆ, ಮೈನಸ್ 69. ಕೆಟ್ಟಾಗ ನೋಡಿದ್ರೆ ಹಾಲ್ ನೋಡಿಗೆ, ಮೈನಸ್ 84. ಮೆತ್ತಿ ನೋಡ್ ಜೀವಂತ ಇದ್ರೂ ಅತ್ತ ತಿರುಗಿ ನೋಡೋದಿಲ್ಲ. ಯಾವಾಗ ಹಿಂಗಾಗ್ತದೆ ಅಂತ ಎರಡು ದಿನ ಗಡಿಯಾರ ನೋಡಿ ಬರೆದೆ, ಪ್ರತಿ ಸಲವೂ ಕರೆಂಟ್ ಹೋದ ಮೇಲೆ. ನಮ್ಮ ಇನ್‌ವರ್ಟರ್ ಲೈನ್ ಇರೋದು ಹಾಲಿಗೆ, ಅಡಿಗೆ ಮನೆಗೆ, ಹಿತ್ಲ ಕಡೆಗೆ ಮಾತ್ರ. ಮೆತ್ತಿ ಪ್ಲಗ್ ಸೀದಾ ಮೇನ್ ಲೈನ್. ಕರೆಂಟ್ ಹೋಯ್ತು, ಮೆತ್ತಿ ನೋಡ್ ಸತ್ತಿತು, ಹಾಲಿಂದ 12 ವೋಲ್ಟ್ ಹೋಗೋ ದಣಪೆ ಕ್ಯಾಮೆರಾ ಮಾತ್ರ ಬದುಕಿದೆ, ಅದು ಹುಡುಕಿ ಹುಡುಕಿ ಹಾಲ್ ನೋಡ್ ಹಿಡ್ಕೊಳ್ತದೆ. ಕರೆಂಟ್ ಬಂದು ಮೆತ್ತಿ ನೋಡ್ ಎದ್ರೂ ಬಿಡೋದಿಲ್ಲ. ಮೊಬೈಲ್ ಆದ್ರೆ ಚೆನ್ನಾಗಿರೋ ಸಿಗ್ನಲ್ ಕಡೆ ತಾನೇ ಜಿಗೀತದೆ, ಇಂತಾ ಸಣ್ಣ ಕ್ಯಾಮೆರಾಗಳು ಪೂರ್ತಿ ಕಡಿದು ಹೋಗೋ ತನಕ ಹಿಡಿದದ್ದು ಬಿಡೋದಿಲ್ಲ. ಯಾವ ನೋಡಿಗೆ ಹೋಗ್ಬೇಕು ಅಂತ ತೀರ್ಮಾನ ಮಾಡೋದು ಕ್ಯಾಮೆರಾ, ಮೆಶ್ ಅಲ್ಲ. ಕೆಲವು ಮೆಶ್ಶಲ್ಲಿ ಈ ಡಿವೈಸ್ ಈ ನೋಡಿಗೇ ಇರ್ಲಿ ಅಂತ ಕಟ್ಟಿಹಾಕೋ ಆಪ್ಷನ್ ಇದೆ, ಇದ್ರೆ ಖಂಡಿತ ಉಪಯೋಗಿಸಿ, ನಮ್ದರಲ್ಲಿ ಇಲ್ಲ.

ಎಲೆಕ್ಟ್ರಿಶಿಯನ್ ಕರೆಸಿ ಮೆತ್ತಿ ಪ್ಲಗ್ಗಿಗೂ ಇನ್‌ವರ್ಟರ್ ಲೈನ್ ಎಳೆಸಿದೆ. ಅವರು ಬಂದಾಗಲೇ ಹಾಲಿಂದ ಮೆತ್ತಿಗೆ ಹನ್ನೆರಡು ಮೀಟರ್ ಲ್ಯಾನ್ ಕೇಬಲ್ಲೂ ಹಾಕಿಸಿದೆ, ಎರಡು ನೋಡ್ ಮಾತಾಡೋದು ಈಗ ವೈರಲ್ಲಿ, ಗಾಳಿಯ ಜಾಗ ಅಷ್ಟು ಖಾಲಿ. ಹಾಗಾದ್ರೆ ಕೊಟ್ಟಿಗೆ ದಣಪೆಗೂ ಲ್ಯಾನ್ ಕೇಬಲ್ಲೇ ಎಳೀಬಹುದಿತ್ತಲ್ಲ ಅಂತ ಕೇಳಬಹುದು. ಮನೆ ಒಳಗೆ ವೈರಿಗಿಂತ ಒಳ್ಳೇದು ಯಾವ್ದೂ ಇಲ್ಲ, ಒಪ್ತೇನೆ. ಆದ್ರೆ ಬಯಲಲ್ಲಿ ಐವತ್ತು ಮೀಟರ್ ಡೇಟಾ ಕೇಬಲ್ ಎಳೆದು ಅದನ್ನ ಸೀದಾ ರೂಟರಿಗೆ ಸಿಕ್ಕಿಸೋದು ಈ ಊರಲ್ಲಿ ನಂಗೆ ಧೈರ್ಯ ಸಾಲದು, ಏಪ್ರಿಲ್ ಮೇಲಿ ಇಲ್ಲಿ ಹೊಡೆಯೋ ಸಿಡಿಲು ಕಂಡವರಿಗೆ ಗೊತ್ತು. ಹತ್ರ ಎಲ್ಲೋ ಬಿದ್ರೂ ಆ ತಾಮ್ರದ ದಾರಿ ಹಿಡಿದು ರೂಟರಿಗೇ ಬರ್ತದೆ. ದಣಪೆಗೆ ಹೋಗೋ 12 ವೋಲ್ಟ್ ವೈರಿಗೂ ಆ ಅಪಾಯ ಇದೆ, ಅದಕ್ಕೇ ಗುಡುಗು ಶುರುವಾದ್ರೆ ಅಪ್ಪ ಆ ಅಡಾಪ್ಟರ್ ಮೊದಲು ಕಿತ್ತಿಡ್ತಾರೆ. ಅಷ್ಟು ದೂರ ಡೇಟಾ ಒಯ್ಯಲೇಬೇಕು ಅಂದ್ರೆ ಲೋಹದ ತಂತಿ ಇಲ್ಲದ ಫೈಬರ್ ಕೇಬಲ್ ಎಳೆದು ಎರಡೂ ಕಡೆ ಮೀಡಿಯಾ ಕನ್ವರ್ಟರ್ ಹಾಕೋದು ಸರಿ.

ಇದರ ನಡುವೆ ಇನ್ನೊಂದು ಗಂಟು ಬಿಚ್ಚಿಕೊಂಡಿತು. ಫೈಬರ್ ಬಾಕ್ಸೂ ರೂಟರ್, ಮೆಶ್ಶೂ ರೂಟರ್, ಎರಡೂ ಐಪಿ ಹಂಚ್ತಾ ಇದ್ವು. ಫೈಬರ್ ಬಾಕ್ಸಿನ ಹಳೇ ವೈಫೈ ಹೆಸರೂ ಉರೀತಾನೇ ಇತ್ತು, ಅದೂ ಮೆಶ್ ಇದ್ದ ಚಾನೆಲ್ 6ರಲ್ಲೇ. ಅಪ್ಪನ ಮೊಬೈಲ್ ಆ ಹಳೇ ಹೆಸರಿಗೆ ಅಂಟಿತ್ತು, ಕ್ಯಾಮೆರಾ ಎಲ್ಲಾ ಮೆಶ್ ಹಿಂದೆ. ಮೇಲಿನ ರೂಟರಲ್ಲಿರೋ ಮೊಬೈಲಿಂದ ಕೆಳಗಿನ ರೂಟರ್ ಹಿಂದಿರೋ ಕ್ಯಾಮೆರಾಗೆ ಸೀದಾ ಹೋಗೋಕೆ ಆಗೋದಿಲ್ಲ, ಇಂಟರ್ನೆಟ್ ಸುತ್ತಿ ಬರ್ಬೇಕು. ಮಳೇಲಿ ಎಲ್ಲೋ ಮರ ಬಿದ್ದು ಫೈಬರ್ ಕಡಿದ ದಿನ ಮೆಶ್ಶಿಗೆ ಅಂಟಿದ್ದ ನನ್ನ ಮೊಬೈಲಲ್ಲಿ ನಾಲ್ಕೂ ಕಾಣ್ತಿತ್ತು, ಅಪ್ಪನ ಮೊಬೈಲಲ್ಲಿ ಒಂದೂ ಇಲ್ಲ. ಮೆಶ್ಶನ್ನ ಬರೀ ವೈಫೈ ಹರಡೋ ಆ್ಯಕ್ಸೆಸ್ ಪಾಯಿಂಟ್ ಮೋಡಿಗೆ ಹಾಕಿ, ಫೈಬರ್ ಬಾಕ್ಸಿನ ವೈಫೈ ಆಫ್ ಮಾಡಿ, ಐಪಿ ಹಂಚೋ ಕೆಲಸ ಅದೊಂದಕ್ಕೇ ಬಿಟ್ಟು, ನಾಲ್ಕೂ ಕ್ಯಾಮೆರಾಗೆ 192.168.1.51ರಿಂದ 54ರ ತನಕ ರಿಸರ್ವ್ ಮಾಡಿಟ್ಟೆ. ಈಗ ಇಂಟರ್ನೆಟ್ ಇಲ್ಲದಿದ್ರೂ ಮನೆ ಒಳಗೆ ವಿಎಲ್‌ಸಿಯಲ್ಲಿ ಕ್ಯಾಮೆರಾದ ಲೈವ್ ವಿಡಿಯೋ ಅಡ್ರೆಸ್ (ಆರ್‌ಟಿಎಸ್‌ಪಿ) ಹಾಕಿ ಸೀದಾ ನೋಡ್ತೇವೆ. ಒಂದು ಎಚ್ಚರಿಕೆ: ಮೋಡ್ ಬದಲಿಸಿದ ಮೇಲೆ ವೈಫೈ ಪಾಸ್ವರ್ಡಿನ ಸೆಕ್ಯುರಿಟಿ ತನ್ನಷ್ಟಕ್ಕೆ ಡಬ್ಲ್ಯುಪಿಎ2 ಮತ್ತೆ 3 ಮಿಕ್ಸೆಡ್ ಆಗಿತ್ತು, ಉಗ್ರಾಣದ ಹಳೇ ಕ್ಯಾಮೆರಾ ಕನೆಕ್ಟೇ ಆಗ್ಲಿಲ್ಲ, ಬರೀ ಡಬ್ಲ್ಯುಪಿಎ2 ಮಾಡಿದ ಮೇಲೆ ಬಂತು.

ಜುಲೈ ಮೊದಲ ವಾರ ಗಾಳಿ ಮಳೆ ಜೋರಿತ್ತು, ಮೂರು ದಿನದಲ್ಲಿ ಹನ್ನೊಂದು ಸಲ ಕರೆಂಟ್ ಹೋಯ್ತು, ಒಂದು ಸಲ ಆರು ತಾಸು. ಪ್ರತಿ ಸಲವೂ ಪೇಜ್ ತೆಗೆದು ನೋಡಿದೆ. ದಣಪೆ ಕ್ಯಾಮೆರಾ ಹನ್ನೊಂದು ಸಲವೂ ಮೆತ್ತಿ ನೋಡಲ್ಲೇ ಇತ್ತು, ಮೈನಸ್ 70. ಅದರ ಲೆನ್ಸ್ ಎದುರು ಜೇಡ ಬಲೆ ಕಟ್ಟಿ ರಾತ್ರಿ ಐಆರ್ ಬೆಳಕಿಗೆ ಬಿಳಿ ಪರದೆ ಥರ ಕಾಣ್ತದೆ, ಹಾಗಾಗಿ ವಾರಕ್ಕೊಮ್ಮೆ ಪೇಟೆಗೆ ಹೋಗುವಾಗ ಅಪ್ಪ ದಣಪೆ ತೆಗೆದವರೇ ಒಂದು ಕಡ್ಡಿಯಲ್ಲಿ ಅದನ್ನ ಸವರಿ ಹೋಗ್ತಾರೆ.